ಬಾಯಿ ಕಟ್ಟಿದರೆ ಸಾಲದೆ?

ಮದುವೆ ಮನೆಯ ಪಂಕ್ತಿ. ಹೋಳಿಗೆ ಬಡಿಸುವವರು ಒಂದೊಂದೇ ಎಲೆ ದಾಟಿ ಬರುತ್ತಾರೆ. ದಪ್ಪಗಿರುವ ಹುಡುಗಿಯ ಎದುರು ನಿಂತಾಗ ಪಕ್ಕದ ಎಲೆಯ ದೊಡ್ಡಮ್ಮ, "ಅವಳಿಗೆ ಬೇಡ ಬಿಡಿ, ಮೊದಲೇ ಡ್ರಮ್ಮಿನ ಹಾಗಿದ್ದಾಳೆ" ಎಂದು ನಗುತ್ತಾರೆ. ಸುತ್ತಲಿದ್ದವರೂ ನಗುತ್ತಾರೆ. ಹುಡುಗಿ ತಲೆ ತಗ್ಗಿಸುತ್ತಾಳೆ. ತಾಯಿಗೆ ಒಳಗೊಳಗೇ ಸಂಕಟ. ಆದರೆ ಮನೆಗೆ ಬಂದ ಮೇಲೆ ಆಕೆಯೂ ಅದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತಾಳೆ: "ಸ್ವಲ್ಪ ಬಾಯಿ ಕಟ್ಟಬಾರದೇನೇ?"

ಇದು ಯಾವುದೋ ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ. 24ರಷ್ಟು, ಗಂಡಸರಲ್ಲಿ ಸುಮಾರು ಶೇ. 23ರಷ್ಟು ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 30ರ ಆಸುಪಾಸಿನಲ್ಲಿದೆ. ಇವರಲ್ಲಿ ಕೆಲವರದು ವಿಪರೀತ ಬೊಜ್ಜು. ಅಂಥವರಿಗೆ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ಚಿಕಿತ್ಸೆಗಳಲ್ಲಿ ಒಂದು ಜಠರದ ಬೈಪಾಸ್, ಅಂದರೆ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ. ಇದರ ಹೆಸರು ಕೇಳಿದ ಕೂಡಲೇ ಜನ ಎರಡು ಪಂಗಡವಾಗುತ್ತಾರೆ. "ಬಾಯಿ ಕಟ್ಟಲಾರದ ಸೋಮಾರಿಗಳ ಅಡ್ಡದಾರಿ" ಎನ್ನುವವರು ಕೆಲವರು. "ಒಂದು ಸಲ ಕುಯ್ಯಿಸಿಕೊಂಡರೆ ಜನ್ಮಕ್ಕೆ ಸಾಕು" ಎನ್ನುವವರು ಇನ್ನು ಕೆಲವರು. ಎರಡೂ ತಪ್ಪು. ಏಕೆ ತಪ್ಪು ಎಂಬುದನ್ನು ತಿಳಿಯಲು ಈ ಶಸ್ತ್ರಚಿಕಿತ್ಸೆ ಹುಟ್ಟಿದ ಬಗೆಯಿಂದಲೇ ಆರಂಭಿಸಬೇಕು.

ಹುಣ್ಣಿನಿಂದ ಹೊಳೆದ ದಾರಿ

ಒಂದು ಕಾಲದಲ್ಲಿ ಜಠರದ ಹುಣ್ಣಿಗೆ ಇಂದಿನಂಥ ಪರಿಣಾಮಕಾರಿ ಮಾತ್ರೆಗಳಿರಲಿಲ್ಲ. ಹುಣ್ಣು ವಾಸಿಯಾಗದಿದ್ದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಹೀಗೆ ತೆಗೆಸಿಕೊಂಡವರು ತೂಕ ಕಳೆದುಕೊಳ್ಳುತ್ತಿದ್ದರು. ಮತ್ತೆ ಮೈ ತುಂಬಿಕೊಳ್ಳುವುದು ಅವರಿಗೆ ಕಷ್ಟವಾಗುತ್ತಿತ್ತು. ವೈದ್ಯರ ಪಾಲಿಗೆ ಅದೊಂದು ತೊಂದರೆ. ಆದರೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಅದನ್ನು ತಿರುಗಿಸಿ ನೋಡಿದರು. ಹುಣ್ಣಿನವರಿಗೆ ಬೇಡವಾದದ್ದು ಬೊಜ್ಜಿನವರಿಗೆ ಬೇಕಾದದ್ದೇ ಅಲ್ಲವೇ? 1966ರಲ್ಲಿ ಅವರು ತಮ್ಮ ಸಹೋದ್ಯೋಗಿ ಚಿಕಾಶಿ ಇಟೊ ಅವರೊಡನೆ ಬೊಜ್ಜಿಗಾಗಿ ಮೊದಲ ಜಠರ ಬೈಪಾಸ್ ನಡೆಸಿದರು.

ಅದಕ್ಕೂ ಮೊದಲು, 1950ರ ದಶಕದಲ್ಲಿ, ಸಣ್ಣ ಕರುಳಿನ ಬಹುಭಾಗವನ್ನು ಬಳಸಿಕೊಂಡು ಹೋಗುವಂತೆ ಮಾಡುವ ಇನ್ನೊಂದು ಪ್ರಯೋಗ ನಡೆದಿತ್ತು. ತಿಂದದ್ದು ಮೈಗೆ ಹತ್ತದಿದ್ದರೆ ತೂಕ ಇಳಿಯುವುದೆಂಬ ಲೆಕ್ಕ. ತೂಕವೇನೋ ಇಳಿಯಿತು, ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ಹಾನಿ ಬಂದವು. ಆ ವಿಧಾನವನ್ನು ಕೈಬಿಡಬೇಕಾಯಿತು. ಮೇಸನ್ ಅವರ ವಿಧಾನ ಉಳಿಯಿತು, ಕಾಲಕ್ಕೆ ತಕ್ಕಂತೆ ಸುಧಾರಿಸಿತು. 1977ರಲ್ಲಿ ಕರುಳನ್ನು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಜೋಡಿಸುವ ಕ್ರಮ ಇದಕ್ಕೆ ಸೇರಿತು. ಆ ಜೋಡಣೆಯನ್ನು ಬೇರೆ ಕಾಯಿಲೆಗಳಿಗಾಗಿ ರೂಢಿಗೆ ತಂದವರು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಸೀಸರ್ ರೂ. ಹಾಗಾಗಿ ಇಂದಿಗೂ ಇದನ್ನು 'ರೂ-ಆನ್-ವೈ' ಬೈಪಾಸ್ ಎನ್ನುತ್ತಾರೆ. 1994ರಲ್ಲಿ ಹೊಟ್ಟೆಯನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಸಲಕರಣೆ ತೂರಿಸಿ ಮಾಡುವ ವಿಧಾನವನ್ನು ಅಮೆರಿಕದ ವೈದ್ಯರು ವರದಿ ಮಾಡಿದರು. ಈಗ ಬಹುಮಟ್ಟಿಗೆ ಇದೇ ವಾಡಿಕೆ.

ಒಳಗೆ ಏನು ಮಾಡುತ್ತಾರೆ?

ಗಂಟಲಿನಿಂದ ಇಳಿದ ಆಹಾರ ಮೊದಲು ಜಠರವೆಂಬ ಚೀಲಕ್ಕೆ ಬೀಳುತ್ತದೆ. ದೊಡ್ಡವರ ಜಠರ ಹಿಗ್ಗಿದಾಗ ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ಆಮ್ಲದೊಡನೆ ಕಲೆತ ಆಹಾರ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಯುತ್ತದೆ. ಪಿತ್ತರಸ ಮತ್ತು ಮೇದೋಜೀರಕ ಗ್ರಂಥಿಯ ರಸ ಅದನ್ನು ಸೇರುವುದು ಅಲ್ಲಿಯೇ. ಮುಂದೆ ಹಲವು ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಸಾಗುತ್ತ ಸಾರವೆಲ್ಲ ರಕ್ತಕ್ಕೆ ಸೇರುತ್ತದೆ.

ಬೈಪಾಸ್ ಮಾಡುವ ಶಸ್ತ್ರವೈದ್ಯರು ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸುತ್ತಾರೆ. ಕೋಳಿಮೊಟ್ಟೆಗಿಂತಲೂ ಚಿಕ್ಕದು ಅದು. ಉಳಿದ ದೊಡ್ಡ ಭಾಗವನ್ನು ತೆಗೆದು ಎಸೆಯುವುದಿಲ್ಲ. ಅದು ಒಳಗೇ ಇರುತ್ತದೆ, ಆದರೆ ಆಹಾರ ಅತ್ತ ಹೋಗುವುದಿಲ್ಲ. ಬಳಿಕ ಸಣ್ಣ ಕರುಳನ್ನು ಆರಂಭದಿಂದ ಸ್ವಲ್ಪ ದೂರದಲ್ಲಿ ಕತ್ತರಿಸುತ್ತಾರೆ. ಕೆಳಗಿನ ತುದಿಯನ್ನು ಮೇಲಕ್ಕೆ ತಂದು ಪುಟ್ಟ ಚೀಲಕ್ಕೆ ಜೋಡಿಸುತ್ತಾರೆ. ಪಿತ್ತರಸ ಮುಂತಾದವನ್ನು ಹೊತ್ತು ತರುವ ಇನ್ನೊಂದು ತುದಿಯನ್ನು ಸುಮಾರು ಒಂದು ಮೀಟರ್ ಕೆಳಗೆ ಕರುಳಿಗೆ ಸೇರಿಸುತ್ತಾರೆ. ವೈ ಅಕ್ಷರದ ಎರಡು ಕವಲುಗಳಲ್ಲಿ ಒಂದರಲ್ಲಿ ಆಹಾರ, ಇನ್ನೊಂದರಲ್ಲಿ ಜೀರ್ಣರಸ. ಎರಡೂ ಕೂಡುವುದು ಕೆಳಗೆ.

ಹೆದ್ದಾರಿಯಲ್ಲಿ ಬರುವ ಲಾರಿ ತುಮಕೂರಿನ ಊರೊಳಗೆ ನುಗ್ಗದೆ ಬೈಪಾಸ್ ರಸ್ತೆ ಹಿಡಿದು ಆಚೆ ಹೋಗಿ ಸೇರುವಂತೆ, ಆಹಾರವೂ ಜಠರದ ದೊಡ್ಡ ಭಾಗವನ್ನು ಮತ್ತು ಸಣ್ಣ ಕರುಳಿನ ಮೊದಲ ಭಾಗವನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಹೆಸರು ಬಂದದ್ದು ಹಾಗೆ. ಹೃದಯದ ಬೈಪಾಸಿಗೂ ಇದಕ್ಕೂ ಸಂಬಂಧವಿಲ್ಲ. ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಒಂದು ತೊಲ ಕೊಬ್ಬನ್ನೂ ತೆಗೆಯುವುದಿಲ್ಲ.

ಹಸಿವು ಬಾಯಿಯಲ್ಲಿಲ್ಲ

ಚೀಲ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು. ಇಷ್ಟೇ ಎಂದು ವೈದ್ಯರೂ ಬಹಳ ಕಾಲ ನಂಬಿದ್ದರು. ಆದರೆ ಲೆಕ್ಕಕ್ಕೆ ಸಿಗದ ಸಂಗತಿಗಳು ಕಾಣಿಸತೊಡಗಿದವು. ಅಮೆರಿಕದ ಗ್ರೀನ್‌ವಿಲ್‌ನಲ್ಲಿ ಬೈಪಾಸ್ ಮಾಡುತ್ತಿದ್ದ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು 1995ರಲ್ಲಿ 608 ಮಂದಿಯ ವಿವರಗಳನ್ನು ಪ್ರಕಟಿಸಿದರು. ಮೊದಲೇ ಸಕ್ಕರೆ ಕಾಯಿಲೆಯಿದ್ದು ಶಸ್ತ್ರಚಿಕಿತ್ಸೆಯ ನಂತರವೂ ಸಂಪರ್ಕದಲ್ಲಿದ್ದವರ ಪೈಕಿ ಶೇ. 83ರಷ್ಟು ಮಂದಿಯ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಅಚ್ಚರಿಯೆಂದರೆ, ತೂಕ ಹೇಳಿಕೊಳ್ಳುವಷ್ಟು ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಹತೋಟಿಗೆ ಬರುವುದುಂಟು.

ಕಾರಣ ಕರುಳಿನಲ್ಲಿದೆ. ಕರುಳು ಬರಿಯ ಕೊಳವೆಯಲ್ಲ. ಮೆದುಳಿಗೆ ಸಂದೇಶ ಕಳಿಸುವ ಹಾರ್ಮೋನುಗಳ ಉಗ್ರಾಣ. ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು "ಹಸಿವಾಗಿದೆ, ತಿನ್ನು" ಎನ್ನುತ್ತದೆ. ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದದ್ದು 1999ರಲ್ಲಿ. ಕರುಳಿನ ಕೆಳಭಾಗದಿಂದ ಹೊರಡುವ ಜಿ.ಎಲ್.ಪಿ.-1 ಮತ್ತು ಪಿ.ವೈ.ವೈ. ಎಂಬ ಹಾರ್ಮೋನುಗಳು "ಹೊಟ್ಟೆ ತುಂಬಿತು, ಸಾಕು" ಎನ್ನುತ್ತವೆ, ಜಿ.ಎಲ್.ಪಿ.-1 ಇನ್ಸುಲಿನ್ ಸುರಿಯುವಂತೆಯೂ ಮಾಡುತ್ತದೆ. ಬೈಪಾಸ್ ಆದ ಮೇಲೆ ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪುವುದರಿಂದ ಈ 'ಸಾಕು' ಸಂದೇಶ ಹಲವು ಪಟ್ಟು ಜೋರಾಗುತ್ತದೆ. ನಾಲ್ಕು ತುತ್ತಿಗೆ ತೃಪ್ತಿಯಾಗುವುದು ಚೀಲ ಚಿಕ್ಕದಾದದ್ದರಿಂದ ಮಾತ್ರವಲ್ಲ, ಹಸಿವಿನ ಮಾತೇ ಬದಲಾದದ್ದರಿಂದ.

ಬಾಯಿ ಕಟ್ಟಿದವರಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಬೊಜ್ಜಿನ 50 ಮಂದಿಯನ್ನು 10 ವಾರ ಕಟ್ಟುನಿಟ್ಟಿನ ಪಥ್ಯದಲ್ಲಿಟ್ಟು ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಪಥ್ಯ ಮುಗಿಸಿದವರು ಸರಾಸರಿ 13 ಕಿಲೋಗ್ರಾಮಿಗೂ ಹೆಚ್ಚು ಇಳಿದಿದ್ದರು. ಆದರೆ ಅವರ ಗ್ರೆಲಿನ್ ಏರಿತ್ತು, 'ಸಾಕು' ಎನ್ನುವ ಹಾರ್ಮೋನುಗಳು ಇಳಿದಿದ್ದವು. ಒಂದು ವರ್ಷದ ನಂತರ ಪರೀಕ್ಷಿಸಿದಾಗಲೂ ಅವು ಮೊದಲಿನ ಸ್ಥಿತಿಗೆ ಮರಳಿರಲಿಲ್ಲ. ಅಂದರೆ ತೂಕ ಇಳಿಸಿದವರ ದೇಹ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹಗಲಿರುಳೂ ಹಸಿವನ್ನು ಕೂಗಿ ಕರೆಯುತ್ತಿರುತ್ತದೆ. ಸ್ವಲ್ಪ ತೂಕ ಹೆಚ್ಚಿರುವವರು ಈ ಕೂಗನ್ನು ಗೆದ್ದಾರು. ವಿಪರೀತ ಬೊಜ್ಜಿನವರು ಬಹುಮಟ್ಟಿಗೆ ಸೋಲುತ್ತಾರೆ; ಸೋಲಿಗೆ ಚಪಲ ಕಾರಣವಲ್ಲ, ಶರೀರಧರ್ಮ ಕಾರಣ. ಮಗುವಿಗೆ ಜ್ವರ ಬಂದರೆ "ಮನಸ್ಸು ಗಟ್ಟಿ ಮಾಡಿ ಮೈ ತಣ್ಣಗಾಗಿಸು" ಎಂದು ಯಾರೂ ಗದರುವುದಿಲ್ಲ. ಬೊಜ್ಜಿನ ವಿಷಯದಲ್ಲಿ ಮಾತ್ರ ಗದರಿಕೆಯೇ ಔಷಧ ಎಂದುಕೊಂಡವರು ಬಹಳ.

ಫಲವೆಷ್ಟು, ಅಪಾಯವೆಷ್ಟು?

ಈ ಬಗೆಯ ಶಸ್ತ್ರಚಿಕಿತ್ಸೆಗಳ ಬಗ್ಗೆ ದೀರ್ಘಕಾಲ ನಡೆದ ಅಧ್ಯಯನ ಸ್ವೀಡನ್ನಿನದು. 1987ರಲ್ಲಿ ಆರಂಭವಾದ ಅದರಲ್ಲಿ ಬೊಜ್ಜಿಗಾಗಿ ಬೇರೆ ಬೇರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಮಂದಿಯನ್ನು, ಮಾಡಿಸಿಕೊಳ್ಳದ 2,037 ಮಂದಿಯೊಡನೆ ಹೋಲಿಸಿದರು. 2007ರ ವರದಿಯ ವೇಳೆಗೆ ಮೊದಲ ಗುಂಪಿನಲ್ಲಿ 101, ಎರಡನೆಯದರಲ್ಲಿ 129 ಮಂದಿ ತೀರಿಕೊಂಡಿದ್ದರು. ಬೈಪಾಸ್ ಆದವರ ತೂಕ 10 ವರ್ಷಗಳ ನಂತರವೂ ಮೊದಲಿದ್ದುದಕ್ಕಿಂತ ಶೇ. 25ರಷ್ಟು ಕಡಿಮೆ ಇತ್ತು. ಎಂದರೆ 120 ಕಿಲೋ ಇದ್ದವರು ಸುಮಾರು 90ಕ್ಕೆ ನಿಂತರು. ಸಿನಿಮಾ ನಟರಂತೆ ತೆಳ್ಳಗಾದರೆಂದಲ್ಲ; ಮೆಟ್ಟಿಲು ಹತ್ತುವಂತಾದರು, ಸಕ್ಕರೆ ಕಾಯಿಲೆ, ಹೃದ್ರೋಗಗಳ ಹೊರೆ ಇಳಿಯಿತು. 2020ರ ವರದಿಯ ಪ್ರಕಾರ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರಿಗೆ ಹೋಲಿಸಿದರೆ ಮಾಡಿಸಿಕೊಂಡವರ ಆಯುಸ್ಸು ಸುಮಾರು 3 ವರ್ಷ ಹೆಚ್ಚು. ಆದರೂ ಅದು ಉಳಿದ ಜನಸಾಮಾನ್ಯರ ಮಟ್ಟವನ್ನು ಮುಟ್ಟಲಿಲ್ಲ.

ಇನ್ನು ಅಪಾಯದ ವಿಚಾರ. ಅಮೆರಿಕದ ಆಸ್ಪತ್ರೆಗಳಲ್ಲಿ 4,776 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೊಜ್ಜಿನ ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಸತ್ತವರು ಸಾವಿರಕ್ಕೆ ಮೂವರು. ನುರಿತ ಕೈಗಳಲ್ಲಿ ಇದು ಸಣ್ಣ ಸಂಖ್ಯೆಯೇ. ಆದರೆ ಸೊನ್ನೆಯಲ್ಲ. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು, ಇವು ಆರಂಭದ ದಿನಗಳ ಮುಖ್ಯ ಅಪಾಯಗಳು. ಅಕ್ಕಪಕ್ಕದವರ ಮಾತಿನ ಮೇಲೆ, ಅಥವಾ ಮದುವೆಗೆ ಮೊದಲು ತೆಳ್ಳಗಾಗಲೆಂದು ಕೈಹಾಕುವ ಕೆಲಸ ಇದಲ್ಲ.

ಜೀವನಪರ್ಯಂತದ ಕರಾರು

ಶಸ್ತ್ರಚಿಕಿತ್ಸೆ ಮುಗಿಯುವುದು ಕೆಲವು ಗಂಟೆಗಳಲ್ಲಿ. ಅದರೊಡನೆ ಮಾಡಿಕೊಂಡ ಕರಾರು ಮಾತ್ರ ಜೀವನಪರ್ಯಂತದ್ದು. ಮೊದಲ ದಿನಗಳಲ್ಲಿ ತಿಳಿಯಾದ ಬೇಳೆಕಟ್ಟು, ನೀರುಮಜ್ಜಿಗೆಯಂಥ ದ್ರವ, ಆಮೇಲೆ ನುಣ್ಣಗೆ ಮಸೆದದ್ದು, ಬಳಿಕ ಮೆತ್ತನೆಯದು, ಎರಡು ತಿಂಗಳ ಹೊತ್ತಿಗೆ ಮಾಮೂಲಿ ಊಟ, ಆದರೆ ಸಣ್ಣ ಬಟ್ಟಲಿನಷ್ಟು. ತಟ್ಟೆಯಲ್ಲಿ ಮೊದಲ ಸ್ಥಾನ ಅನ್ನಕ್ಕಲ್ಲ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನಿನಂಥ ಪ್ರೋಟೀನಿಗೆ. ದಿನಕ್ಕೆ 60 ಗ್ರಾಮಿನಷ್ಟಾದರೂ ಪ್ರೋಟೀನ್ ಬೇಕು. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು. ಮುದ್ದೆಯನ್ನು ಅಗಿಯದೆ ನುಂಗುವ ರೂಢಿಯವರು ಆ ರೂಢಿಯನ್ನೇ ಬಿಡಬೇಕು. ಊಟದ ನಡುವೆ ನೀರು ಕುಡಿಯುವಂತಿಲ್ಲ. ಜಾಮೂನೋ ಕಬ್ಬಿನ ಹಾಲೋ ಹೊಟ್ಟೆಗೆ ಹೋದರೆ ಕೆಲವರಿಗೆ ಎದೆ ಹೊಡೆದುಕೊಂಡು, ಬೆವರಿ, ತಲೆ ಸುತ್ತಿ, ಭೇದಿಯಾಗುತ್ತದೆ. ಇದಕ್ಕೆ ಡಂಪಿಂಗ್ ಎಂದು ಹೆಸರು.

ಇದಕ್ಕಿಂತ ಮುಖ್ಯವಾದದ್ದು ಪೋಷಕಾಂಶಗಳ ಕೊರತೆ. ಕಬ್ಬಿಣದ ಅಂಶ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಆಹಾರ ಈಗ ಆ ದಾರಿಯಲ್ಲೇ ಹೋಗುವುದಿಲ್ಲ. ಬಿ-12 ಜೀವಸತ್ವ ಮೈಗೆ ಸೇರಲು ಜಠರದ ರಸ ಬೇಕು; ಅದೂ ಆಹಾರವನ್ನು ಸರಿಯಾಗಿ ಸೇರುವುದಿಲ್ಲ. ಕ್ಯಾಲ್ಸಿಯಂ, ಡಿ ಜೀವಸತ್ವಗಳದೂ ಇದೇ ಪಾಡು. ಆದ್ದರಿಂದ ಬದುಕಿರುವಷ್ಟು ದಿನವೂ ಮಾತ್ರೆ, ಆಗಾಗ ರಕ್ತಪರೀಕ್ಷೆ ತಪ್ಪಿದ್ದಲ್ಲ. "ಈಗ ಚೆನ್ನಾಗಿದ್ದೇನಲ್ಲ" ಎಂದು ಮಾತ್ರೆ ಬಿಟ್ಟವರಿಗೆ ರಕ್ತಹೀನತೆ, ಕೈಕಾಲು ಜೋಮು, ಮೂಳೆ ಸವೆತ ಬರಬಹುದು. ವಾಂತಿ ನಿಲ್ಲದೆ ಬಿ-1 ಜೀವಸತ್ವ ಕುಸಿದರೆ ನರಗಳಿಗೂ ಮೆದುಳಿಗೂ ಹಾನಿ.

ಧೂಮಪಾನ ಮಾಡಿದರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಮದ್ಯ ಬಹುಬೇಗ ತಲೆಗೇರುತ್ತದೆ. ಚಟವಾಗುವ ಅಪಾಯವೂ ಹೆಚ್ಚು. ಮುಂದೆ ಮದುವೆಯಾಗುವ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯಾದ ಒಂದೂವರೆ ವರ್ಷದವರೆಗೆ ಗರ್ಭಧಾರಣೆಯನ್ನು ಮುಂದೂಡುವುದು ಒಳ್ಳೆಯದು. ಪಿತ್ತಕೋಶದಲ್ಲಿ ಕಲ್ಲಾಗಬಹುದು. ಎಷ್ಟೋ ವರ್ಷಗಳ ನಂತರ ಕರುಳು ಒಳಗೇ ಸಿಕ್ಕಿಕೊಂಡು ಹೊಟ್ಟೆನೋವು ಬರಬಹುದು. ಅಂಥ ತೀವ್ರ ನೋವನ್ನು ಗ್ಯಾಸ್ ಎಂದು ಕಡೆಗಣಿಸದೆ ಆಸ್ಪತ್ರೆಗೆ ಓಡಬೇಕು, ಬೈಪಾಸ್ ಆಗಿದೆಯೆಂದು ಮೊದಲೇ ಹೇಳಬೇಕು. ಇಷ್ಟೆಲ್ಲ ತಿಳಿದ ಮೇಲೂ ಇದನ್ನು 'ಸೋಮಾರಿಗಳ ದಾರಿ' ಎನ್ನುವವರು ಯಾರು?

ಯಾರಿಗೆ, ಯಾವ ವಯಸ್ಸಿಗೆ?

ಬೊಜ್ಜನ್ನು ಅಳೆಯಲು ವೈದ್ಯರು ಬಳಸುವ ಲೆಕ್ಕ ಬಿ.ಎಂ.ಐ. ಕಿಲೋಗ್ರಾಮಿನಲ್ಲಿರುವ ತೂಕವನ್ನು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಎತ್ತರ 1.6 ಮೀಟರ್, ತೂಕ 96 ಕಿಲೋ ಎಂದಿಟ್ಟುಕೊಂಡರೆ 96ನ್ನು 2.56ರಿಂದ ಭಾಗಿಸಿದಾಗ ಬರುವುದು 37.5. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಹಾಕಿಕೊಟ್ಟ ಗೆರೆ 40. ಸಕ್ಕರೆ ಕಾಯಿಲೆಯಂಥ ತೊಂದರೆಯಿದ್ದರೆ 35. 2022ರಲ್ಲಿ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ಸಡಿಲಿಸಿ, ಬೇರೆ ಕಾಯಿಲೆಯಿರಲಿ ಬಿಡಲಿ 35 ಎಂದಿತು. ಏಷ್ಯಾದವರಿಗೆ ಇನ್ನೂ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ ಅವರಿಗೆ 27.5 ದಾಟಿದರೆ ಶಸ್ತ್ರಚಿಕಿತ್ಸೆಯ ಅವಕಾಶ ಇರಬೇಕೆಂದಿತು. ಇದು ಅರ್ಹತೆಯ ಗೆರೆಯೇ ಹೊರತು ಅಪ್ಪಣೆಯಲ್ಲ.

ಮಕ್ಕಳಿಗೆ ಈ ಸಂಖ್ಯೆಗಳು ನೇರವಾಗಿ ಅನ್ವಯಿಸುವುದಿಲ್ಲ. ವಯಸ್ಸು, ಲಿಂಗಕ್ಕೆ ತಕ್ಕ ಕೋಷ್ಟಕ ನೋಡಿ ವೈದ್ಯರೇ ನಿರ್ಧರಿಸಬೇಕು. ಹದಿಹರೆಯದವರಿಗೆ ಈ ಶಸ್ತ್ರಚಿಕಿತ್ಸೆ ಸಲ್ಲದೆಂಬ ಅಭಿಪ್ರಾಯ ಬಹಳ ಕಾಲ ಇತ್ತು. ಅಮೆರಿಕದ ಐದು ಕೇಂದ್ರಗಳಲ್ಲಿ 13ರಿಂದ 19 ವರ್ಷದ 242 ಮಂದಿಯನ್ನು ಅನುಸರಿಸಿದ ಅಧ್ಯಯನ 2016ರಲ್ಲಿ ಹೊರಬಂತು. ಮೂರು ವರ್ಷಗಳಲ್ಲಿ ಅವರ ತೂಕ ಸರಾಸರಿ ಶೇ. 27ರಷ್ಟು ಇಳಿದಿತ್ತು, ಸಕ್ಕರೆ ಕಾಯಿಲೆಯಿದ್ದವರಲ್ಲಿ ಶೇ. 95ರಷ್ಟು ಮಂದಿಗೆ ಅದು ಹಿಂದೆ ಸರಿದಿತ್ತು. ಅದೇ ವರದಿಯಲ್ಲಿ ಇನ್ನೆರಡು ಸಂಖ್ಯೆಗಳೂ ಇದ್ದವು: ಶೇ. 57ರಷ್ಟು ಮಂದಿಗೆ ಕಬ್ಬಿಣದ ಅಂಶದ ಕೊರತೆ, ಶೇ. 13ರಷ್ಟು ಮಂದಿಗೆ ಹೊಟ್ಟೆಯೊಳಗೆ ಮತ್ತೆ ಚಿಕಿತ್ಸೆ. ತಾಯಿತಂದೆ ಮೊದಲೆರಡು ಸಂಖ್ಯೆಗಳನ್ನು ಓದಿದಷ್ಟೇ ಗಮನದಿಂದ ಕೊನೆಯ ಎರಡನ್ನೂ ಓದಬೇಕು. 2023ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, 13 ವರ್ಷ ದಾಟಿದ, ತೀವ್ರ ಬೊಜ್ಜಿರುವ ಮಕ್ಕಳನ್ನು ಈ ಶಸ್ತ್ರಚಿಕಿತ್ಸೆಯ ತಜ್ಞರಿಗೆ ತೋರಿಸಿ ಅಭಿಪ್ರಾಯ ಪಡೆಯಬೇಕೆಂದು ಸೂಚಿಸಿತು. ತೋರಿಸಿ ಎಂದಷ್ಟೇ, ಮಾಡಿಸಿಯೇ ತೀರಿ ಎಂದಲ್ಲ.

ಬೈಪಾಸ್ ಒಂದೇ ದಾರಿಯಲ್ಲ. ಜಠರದ ಹೆಚ್ಚಿನ ಭಾಗವನ್ನು ತೆಗೆದು ಬಾಳೆಕಾಯಿಯಂಥ ಕೊಳವೆಯನ್ನಷ್ಟೇ ಉಳಿಸುವ 'ಸ್ಲೀವ್' ವಿಧಾನ ಇಂದು ಜಗತ್ತಿನಲ್ಲಿ ಇನ್ನೂ ಹೆಚ್ಚು ನಡೆಯುತ್ತಿದೆ. ಜಿ.ಎಲ್.ಪಿ.-1ನ್ನೇ ಅನುಕರಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಬಂದಿವೆ. ಬೊಜ್ಜಿಗಾಗಿ ಅದು ಭಾರತದ ಮಾರುಕಟ್ಟೆಗೆ ಬಂದದ್ದು 2025ರಲ್ಲಿ. ಮದ್ದು ನಿಲ್ಲಿಸಿದರೆ ಹೋದ ತೂಕದ ಬಹುಪಾಲು ಮರಳುವುದುಂಟು. ಯಾವುದು ಯಾರಿಗೆ ಎಂಬುದನ್ನು ಶಸ್ತ್ರವೈದ್ಯರು, ಮಕ್ಕಳ ವೈದ್ಯರು, ಆಹಾರತಜ್ಞರು, ಮನೋವೈದ್ಯರು ಕೂಡಿ, ಥೈರಾಯ್ಡ್ ಮುಂತಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡು ಹೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಾತ್ರೆ ನುಂಗಬೇಕಾದ ಹುಡುಗ ಅಥವಾ ಹುಡುಗಿ ತಾನಾಗಿ ಒಪ್ಪಿರಬೇಕು. ತಾಯಿತಂದೆಯ ಒತ್ತಾಯಕ್ಕೆ ಮಲಗಿದ ಮಗು, ಹಾಸ್ಟೆಲಿಗೆ ಹೋದ ಮೇಲೆ ಕರಾರನ್ನು ಪಾಲಿಸುವುದು ಕಷ್ಟ.

ಮನೆಯಿಂದ ಆಗಬೇಕಾದದ್ದು

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಸುಳ್ಳಲ್ಲ. ಬೊಜ್ಜು ಬರದಂತೆ ತಡೆಯಲು ಊಟ, ಆಟ, ನಿದ್ದೆ ಇವೇ ಮೊದಲ ಮದ್ದು. ಬಹುಪಾಲು ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಮಾತೇ ಬೇಕಾಗುವುದಿಲ್ಲ. ಆದರೆ ಆ ಮದ್ದು ಇಡೀ ಮನೆಗೆ ಒಂದೇ ಇರಬೇಕು. ಅಣ್ಣನಿಗೆ ಕರಿದ ತಿಂಡಿ, ತಂಗಿಗೆ ಸೌತೆಕಾಯಿ ಎಂಬ ಪಂಕ್ತಿಭೇದದಿಂದ ತೂಕ ಇಳಿಯುವುದಿಲ್ಲ, ಕದ್ದು ತಿನ್ನುವ ಚಾಳಿ ಬೆಳೆಯುತ್ತದೆ. ತೂಕ ಏರುತ್ತಲೇ ಇದ್ದರೆ, ಕತ್ತಿನ ಸುತ್ತ ಚರ್ಮ ಕಪ್ಪಾದರೆ, ರಾತ್ರಿ ಗೊರಕೆಯೊಡನೆ ಉಸಿರು ಕಟ್ಟುತ್ತಿದ್ದರೆ, ಮುಟ್ಟು ಏರುಪೇರಾದರೆ ನಾಚಿಕೆ ಬಿಟ್ಟು ವೈದ್ಯರ ಬಳಿ ಹೋಗಬೇಕು. ಮುಚ್ಚಿಡಲು ಇದೇನು ಅಪರಾಧವಲ್ಲ.

ಎಡ್ವರ್ಡ್ ಮೇಸನ್ ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಅವರು ತೋರಿದ ದಾರಿಯಿಂದ ಕೆಲವರಿಗೆ ಆಯುಸ್ಸು ಸಿಕ್ಕಿದೆ. ಎಲ್ಲರಿಗೂ ಒಂದು ತಿಳಿವಳಿಕೆ ಸಿಕ್ಕಿದೆ. ಕರುಳು ಮತ್ತು ಮೆದುಳು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಹಸಿವು. ಅದನ್ನು ಹೊರಗಿನವರ ಗೇಲಿಯಿಂದ ಬದಲಾಯಿಸಲಾಗುವುದಿಲ್ಲ. ಮುಂದಿನ ಮದುವೆಯ ಪಂಕ್ತಿಯಲ್ಲಿ ಆ ಹುಡುಗಿಯ ಎಲೆಗೆ ಹೋಳಿಗೆ ಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಲಿ. ದೊಡ್ಡವರು ಅಲ್ಲಿ ಬಾಯಿ ಕಟ್ಟಿದರೆ ಸಾಕು.